ಉಡಿ ತುಂಬಿಸಿಕೊಂಡ ವರ್ಷ

ನಮ್ಮ ಓಣಿಯ ತುದಿಯ ಖಾಲಿ ಜಾಗದಲ್ಲಿ ಯಾರೋ ಮನೆ ಕಟ್ಟಲು ಶುರು ಮಾಡಿದ್ದಾರೆ. ಸಂಜೆಯಾದರೆ ಒಬ್ಬ ಹೆಣ್ಣುಮಗಳು ಪೈಪು ಹಿಡಿದು ಹೊಸ ಗೋಡೆಗಳಿಗೆ ನೀರು ಹೊಡೆಯುತ್ತಾಳೆ. ಹಸಿ ಸಿಮೆಂಟಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಆ ವಾಸನೆ ಬಹಳ ಜನರಿಗೆ ಹಿಡಿಸುತ್ತದೆ. ನಾನು ಮಾತ್ರ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಒಗ್ಗರಣೆಗೆ ಇಂಗು ಸ್ವಲ್ಪ ಹೆಚ್ಚೇ ಹಾಕುತ್ತೇನೆ. ಆದರೂ ಆ ವರ್ಷ ನೆನಪಾಗದೆ ಇರುವುದಿಲ್ಲ.

ಆಗ ನಾವು ಬೆಟಗೇರಿಯಲ್ಲಿ ನೇಕಾರರ ಮನೆಯೊಂದರ ಮುಂಭಾಗದಲ್ಲಿ ಬಾಡಿಗೆಗೆ ಇದ್ದೆವು. ನಡುಮನೆಯಲ್ಲಿ ಹಿಂದೊಮ್ಮೆ ಮಗ್ಗ ಹೂಡಿದ್ದ ಕುಣಿಯನ್ನು ಹಲಗೆ ಹಾಸಿ ಮುಚ್ಚಿದ್ದರು. ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತಿತ್ತು. ಮೂರನೆಯ ತರಗತಿಯಲ್ಲಿದ್ದ ನನ್ನ ಮಗಳು ಕಾವ್ಯಾ ಅದರ ಮೇಲೆ ಕುಣಿದರೆ ಸಾಕು, ಗೋಡೆಯಾಚೆಯಿಂದ ಮನೆ ಮಾಲಕಿ ಕಮಲವ್ವನ ದನಿ ಬರುತ್ತಿತ್ತು: “ಏ ಹುಡುಗೀ, ಅದು ನಮ್ಮ ಮಾವ ಮಗ್ಗಾ ನೇಯ್ದ ಜಾಗಾ ಐತಿ. ನಿಮ್ಮಪ್ಪ ತಂದ ಡ್ರಮ್ಮಲ್ಲ.”

ನಮ್ಮವರು ಗದುಗಿನಲ್ಲಿ ಒಂದು ಮುದ್ರಣಾಲಯದಲ್ಲಿ ಮಷಿನ್ ನಡೆಸುತ್ತಾರೆ. ಅವರ ಉಗುರಿನ ಸಂದಿಯ ಮಸಿ ಯಾವ ಸೋಪಿಗೂ ಹೋಗುವುದಿಲ್ಲ. ಮದುವೆ ಊಟಕ್ಕೆ ಕೂತಾಗ ಬಲಗೈ ಬೆರಳುಗಳನ್ನು ಮಡಚಿಕೊಂಡು ಉಣ್ಣುತ್ತಾರೆ. ನಾನೂ ಮದುವೆಯಾದ ಮೇಲೆಯೇ ಅದನ್ನು ಗಮನಿಸಿದ್ದು.

ಸ್ವಂತ ಮನೆ ಬೇಕು ಎನ್ನುವ ಹಂಬಲ ನನಗೆ ಹುಟ್ಟಿದ್ದು ನೀರಿನಿಂದ. ಬೆಟಗೇರಿಯಲ್ಲಿ ಆ ಬೇಸಿಗೆ ನಳಕ್ಕೆ ನೀರು ಹತ್ತು ದಿನಕ್ಕೊಮ್ಮೆ ಬಂದರೆ ಪುಣ್ಯ. ನಳ ಕಮಲವ್ವನ ಅಂಗಳದಲ್ಲಿತ್ತು. ಆಕೆ ನಳದ ಕಿವಿಗೆ ಸಣ್ಣದೊಂದು ಕೀಲಿ ಹಾಕಿಟ್ಟಿದ್ದಳು. ನೀರು ಬಂದ ದಿನ ಮೊದಲು ಆಕೆಯ ಡ್ರಮ್ಮು, ಆಮೇಲೆ ಕೊಡ, ಆಮೇಲೆ ಬೋಗುಣಿ, ತಂಬಿಗೆ, ಕಡೆಗೆ ದೇವರ ಮುಂದಿನ ಪಂಚಪಾತ್ರೆಯೂ ತುಂಬಬೇಕು. ಅದಾದ ಮೇಲೆ ಹೊರಗಿನ ಕಟ್ಟೆ ತೊಳೆಯುತ್ತಾಳೆ. ನಾನು ಎರಡು ಕೊಡ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ.

“ಬಾರವ್ವಾ ಕಾನ್ವೆಂಟ್, ಹಿಡಕೋ,” ಎಂದು ಆಕೆ ಕರೆಯುವ ಹೊತ್ತಿಗೆ ನಳದಲ್ಲಿ ನೂಲಿನಂಥ ಧಾರೆ. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ನನಗೆ ಆ ಹೆಸರು.

ಒಮ್ಮೆ ಮಾತ್ರ, “ಅತ್ತೀ, ಕಟ್ಟಿ ಆಮ್ಯಾಲ ತೊಳದ್ರ ಆಗೂದಿಲ್ಲೇನ್ರಿ?” ಎಂದು ಕೇಳಿದ್ದೆ.

“ಬಾಡಗಿ ಮನಿಗೆ ಕೊಟ್ಟೀರಿ. ನೀರಿಗಲ್ಲ,” ಎಂದಳು. ಕಟ್ಟೆಯ ಮೂಲೆಯಲ್ಲಿ ಉಳಿದಿದ್ದ ಸೋಪಿನ ನೊರೆಗೆ ಇನ್ನೊಂದು ತಂಬಿಗೆ ಸುರಿದಳು.

ಆ ಯುಗಾದಿಯ ಮರುವಾರ ನಾವು ಮುಳಗುಂದ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿದೆವು. ಗುತ್ತಿಗೆದಾರ ಪಾಟೀಲರು ಸಾಲಾಗಿ ಕಟ್ಟಿಸಿದ್ದ ಮನೆಗಳಲ್ಲಿ ಕೊನೆಯದು. ಎರಡು ಕೋಣೆ, ಅಡುಗೆಮನೆ, ಮೇಲೆ ನೀರಿನ ಟಾಕಿ, ಅಂಗಳದಲ್ಲಿ ನಮ್ಮದೇ ನಳ. ಗೋಡೆ ಇನ್ನೂ ಹಸಿಯಿತ್ತು. ನಾನು ಕುಳ್ಳಿ. ಬಾಡಿಗೆ ಮನೆಗಳಲ್ಲೆಲ್ಲ ಪಾತ್ರೆ ತೊಳೆಯುವಾಗ ಮೊಳಕೈ ಎತ್ತಿ ಎತ್ತಿ ಭುಜ ನೋಯುತ್ತಿತ್ತು. ಆ ಮನೆಯ ಸಿಂಕು ನನ್ನ ಸೊಂಟಕ್ಕೆ ಸರಿಯಾಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಸಿಂಕು ನೋಡಿ ಮನೆ ಕೊಳ್ಳುತ್ತಾರೆಯೇ ಎಂದು ನಕ್ಕಾರು.

ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು. ಆದರೆ ಮೊದಲ ಕಂತಿನ ಡೌನ್ ಪೇಮೆಂಟು ನಾವೇ ಹೊಂದಿಸಬೇಕು. ಏಳು ವರ್ಷ ಕೂಡಿಸಿದ್ದೂ ನನ್ನ ಕೈಯ ಬಂಗಾರದ ಪಾಟಲಿ ಮಾರಿದ್ದೂ ಸೇರಿ ಅರ್ಧ ಆಗಿತ್ತು. ಇನ್ನರ್ಧಕ್ಕೆ ಪಾಟೀಲರು ದೀಪಾವಳಿ ತನಕ ಕಾಯುತ್ತೇನೆ ಎಂದರು. “ಅದರ ಮ್ಯಾಲ ಒಂದು ದಿನಾನೂ ಆಗೂದಿಲ್ರಿ. ಕೇಳವ್ರು ಭಾಳ ಮಂದಿ ಅದಾರ.”

ಅಂದಿನಿಂದ ನಮ್ಮ ಮನೆಯಲ್ಲಿ ಉಳಿತಾಯ ಒಬ್ಬ ಅತ್ತೆಯ ಹಾಗೆ ಬಂದು ಕೂತಿತು. ನಮ್ಮವರು ಒಳ್ಳೆಯವರೇ. ಆದರೆ ಆ ವರ್ಷ ಗ್ಯಾಸ್ ಸಿಲಿಂಡರು ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಗೀಚಿ ಇಡುತ್ತಿದ್ದರು. ಎಣ್ಣೆಯ ಡಬ್ಬಿ ಎತ್ತಿ ಅಲುಗಾಡಿಸಿ ನೋಡುತ್ತಿದ್ದರು. ನಾನು ಪಕ್ಕದ ಅಂಗಡಿಯವರಿಗೆ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಕರವಸ್ತ್ರದ ಅಂಚು ಹೊಲಿಸಿ ಕಲಿಸಿದ ಕೈ. ಹೊಲಿಗೆ ಮೇಲೆ ಕಾಣುತ್ತಿರಲಿಲ್ಲವೆಂದು ಅಂಗಡಿಯವರಿಗೆ ಬಲು ಮೆಚ್ಚು. ಮೆಚ್ಚುಗೆಗೆ ಎರಡು ರೂಪಾಯಿ ಹೆಚ್ಚು ಕೇಳಿದಾಗ, “ಕಾಣಲಾರದ ಹೊಲಿಗಿಗೆ ಕಾಣೂವಂಥ ರೊಕ್ಕ ಕೇಳ್ತೀರಲ್ರೀ ಅಕ್ಕಾರ,” ಎಂದು ನಕ್ಕುಬಿಟ್ಟರು.

ಜೂನ್ ತಿಂಗಳಲ್ಲಿ ಕಾವ್ಯಾಳನ್ನು ಇಂಗ್ಲಿಷ್ ಶಾಲೆ ಬಿಡಿಸಿ ಓಣಿಯ ಹಿಂದಿನ ಶಾಲೆಗೆ ಹಾಕಿದೆವು. ನಾಲ್ಕು ದಿನದ ಮೇಲೆ ಅವಳು ಊಟ ಮಾಡುತ್ತ, “ಮಮ್ಮಿ, ಅಲ್ಲಿ ಇಂಗ್ಲಿಷ್ ಮಾತಾಡಿದ್ರ ಎಲ್ಲಾರೂ ನಗ್ತಾರ,” ಎಂದಳು.

ಅವಳಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. “ಹಂಗಾರ ಮಾತಾಡಬ್ಯಾಡ.”

ಅವಳು ಮಾತಾಡಲಿಲ್ಲ. ಆಮೇಲೆ ಮನೆಯಲ್ಲೂ ಮಮ್ಮಿ ಎನ್ನುವುದನ್ನು ಬಿಟ್ಟಳು. ನಾನು ‘ಅವ್ವ’ ಆದೆ.

ಮಳೆ ಆ ವರ್ಷ ಚೆನ್ನಾಗಿಯೇ ಆಯಿತು. ಗಾಳಿ ಮಾತ್ರ ವಿಪರೀತ. ಒಣಹಾಕಿದ ಬಟ್ಟೆ ಮೂರನೆಯ ಮನೆಯ ಅಂಗಳದಲ್ಲಿ ಸಿಗುತ್ತಿತ್ತು. ಅಂಥ ಗಾಳಿಯ ಒಂದು ಬೆಳಿಗ್ಗೆ, ನಾಗರಪಂಚಮಿಗೆ ಎರಡು ದಿನ ಇರುವಾಗ, ನಮ್ಮ ಬಾಗಿಲಿಗೆ ಬಿಳಿ ಕಾರು ಬಂದು ನಿಂತಿತು. ನನ್ನ ಅಣ್ಣ ಶೇಖರ. ಅಪ್ಪ ಹೋದ ಮೇಲೆ ಆತ ತವರೂರು ಬೆಳ್ಳಟ್ಟಿಯಿಂದ ಪಂಚಮಿಗೆ ಕರೆಯಲು ಬಂದಿರಲೇ ಇಲ್ಲ. ಫೋನಿನಲ್ಲೇ “ಬರ್ತಿ ಇಲ್ಲೋ?” ಎನ್ನುತ್ತಿದ್ದ. ನಾನು ಬಸ್ಸು ಹಿಡಿದು ಹೋಗಿ ಬರುತ್ತಿದ್ದೆ.

“ಏನ್ ಕಾನ್ವೆಂಟ್! ತವರುಮನಿ ಮರತಬಿಟ್ಟೇನು?” ಎಂದು ಹೊಸ್ತಿಲಲ್ಲೇ ನಕ್ಕ. ಹಲಗೆಯ ಮೇಲೆ ಕಾಲಿಟ್ಟು, ಟೊಳ್ಳು ಸದ್ದಿಗೆ ಬೆಚ್ಚಿ, “ಇದೇನ್ ಲೇ, ನೆಲಾ ಐತೋ ಹೊಟ್ಟಿ ಐತೋ?” ಎಂದ. ಕಾವ್ಯಾ ಬಹಳ ದಿನದ ಮೇಲೆ ಕಿಲಕಿಲ ನಕ್ಕಳು.

ಕಮಲವ್ವ ಕಟ್ಟೆಗೆ ಬಂದು ಕಾರನ್ನು ಸುತ್ತ ನೋಡಿದಳು. “ಅಣ್ಣಾ ಅಂದ್ರ ಹಿಂಗಿರಬೇಕು ನೋಡು. ನಮಗೂ ಅದಾರ ಇಬ್ಬರು. ಪಂಚಮಿಗೆ ವಾಟ್ಸಪ್ಪಿನ್ಯಾಗ ನಾಗಪ್ಪನ್ನ ಕಳಸ್ತಾರ. ಹಾಲೂ ನಾನ ಹಾಕಬೇಕು, ಉಂಡೀನೂ ನಾನ ತಿನ್ನಬೇಕು.”

ನಾನು ಹುಡುಗಿಯಂತೆ ಕಾರಿನ ಕಿಟಕಿ ಇಳಿಸಿ ಕೂತೆ. ಶಿರಹಟ್ಟಿ ದಾಟುವವರೆಗೂ ಹೆಸರಿನ ಹೊಲಗಳು ಹಸಿರಾಗಿದ್ದವು.

ಬೆಳ್ಳಟ್ಟಿಯಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಿದ್ದಳು. ಅವಳ ಕೈಬಳೆಗಳು ಮೊಳಕೈ ತನಕ ಜಾರುತ್ತಿದ್ದವು. ಅಷ್ಟು ತೆಳುವಾಗಿದ್ದಳು. ಅಣ್ಣನ ಹೆಂಡತಿ ನಿರ್ಮಲಾ ವೈನಿ ನನ್ನ ತಟ್ಟೆಗೆ ಬೇಡವೆಂದರೂ ತುಪ್ಪ ಸುರಿದಳು. ನಾಲ್ಕು ತಿಂಗಳಿಂದ ತುಪ್ಪದ ವಾಸನೆ ಕಂಡಿರದ ನನ್ನ ಮಗಳು ಬೆರಳು ನೆಕ್ಕುವುದನ್ನು ವೈನಿ ನೋಡಿದಳು. ನೋಡಿದ್ದನ್ನು ನಾನೂ ನೋಡಿದೆ.

ಊಟವಾದ ಮೇಲೆ ಅಣ್ಣ ಎಲೆ-ಅಡಿಕೆ ತಟ್ಟೆ ಎಳೆದುಕೊಂಡು ಕೂತ. “ಸುಧಾ, ಸೋಲಾರ್‌ದವ್ರು ಬಂದಾರ. ನಮ್ಮ ಹೊಲಾನೂ ಕೇಳ್ಯಾರ, ಬಾಜೂದವ್ರದೂ ಕೇಳ್ಯಾರ. ಚಲೋ ರೇಟ್ ಐತಿ. ಆದ್ರ ಕಾಗದದಾಗ ಅವ್ವಂದು, ನಿಂದೂ ಹೆಸರು ಐತಿ. ಒಂದು ಸಹಿ ಹಾಕಿ ಹಕ್ಕು ಬಿಟ್ಟುಕೊಟ್ರ ಎಲ್ಲಾ ಸಸೂತ್ರ ಆಗತೈತಿ.”

ಕಾರು ಬಂದದ್ದು ಏಕೆಂದು ಆಗ ತಿಳಿಯಿತು. ಆದರೂ ನನಗೆ ಸಿಟ್ಟು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಕೈಯಲ್ಲೂ ಏನೋ ಒಂದು ಇದೆಯೆನಿಸಿತು. ಮೆಲ್ಲಗೆ ಮನೆಯ ಸಂಗತಿ ಹೇಳಿದೆ. ಪೂರ್ತಿ ಪಾಲು ಬೇಡ, ಡೌನ್ ಪೇಮೆಂಟಿಗೆ ಕಡಿಮೆ ಬಿದ್ದದ್ದಷ್ಟು ಕೊಟ್ಟರೆ ಸಾಕು, ಅದೂ ದೀಪಾವಳಿಗೆ ಮುಂಚೆ ಎಂದೆ.

“ಎಷ್ಟು ಕಮ್ಮಿ ಬೀಳತೈತಿ?”

ಹೇಳಿದೆ. ಆತ ಬಾಯಿತುಂಬ ನಕ್ಕ. “ಇಷ್ಟ? ಇಷ್ಟಕ್ಕ ಮಾರಿ ಹಿಂಗ ಸಣ್ಣದ ಮಾಡೀಯೇನು? ಸಹಿ ದಿನಾ ಕೈಯಾಗ ಇಡ್ತೀನಿ, ತಗೋ. ಆದ್ರ ಮೊದಲ ಮನಿ ತೋರಸು. ತವರಿನವ್ರ ಕಣ್ಣಿಗೆ ಬೀಳಲಾರದ ಮನಿ ಹಿಡಿಬಾರದು.”

ಅವ್ವ ಕಟ್ಟುತ್ತಿದ್ದ ಉಂಡಿ ಒಡೆಯಿತು. ಮತ್ತೆ ಕಟ್ಟಿದಳು.

ಮರುವಾರವೇ ಆತ ವೈನಿಯನ್ನು ಕರೆದುಕೊಂಡು ಗದುಗಿಗೆ ಬಂದ. ನಾನು ಮನೆ ತೋರಿಸಿದೆ. ಬೆರಳಿನ ಗೆಣ್ಣಿನಿಂದ ಗೋಡೆ ಬಡಿದು ನೋಡಿದ. ಮಾಳಿಗೆ ಹತ್ತಿ ಟಾಕಿಯ ಮುಚ್ಚಳ ತೆಗೆದು ನೋಡಿದ. ಅಂಗಳದ ನಳ ತಿರುವಿದಾಗ ನೀರು ಬಂದು ಆತನ ಪ್ಯಾಂಟಿಗೆ ಸಿಡಿಯಿತು. ಎಲ್ಲರೂ ನಕ್ಕೆವು. ವೈನಿ ಅಡುಗೆಮನೆಯಲ್ಲಿ ನಿಂತು ಸಿಂಕಿನ ಮುಂದೆ ಬಾಗಿ, “ಇದು ಭಾಳ ತೆಳಗ ಆತು, ನಡಾ ಹಿಡೀತೈತಿ,” ಎಂದಳು. ಆಕೆ ಎತ್ತರದ ಹೆಂಗಸು. ನನಗೆ ಸರಿಯಾಗಿದೆ ವೈನಿ ಎಂದೆ. ಆಕೆ ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದಳು.

ಅಣ್ಣ ಪಾಟೀಲರ ಫೋನ್ ನಂಬರು ಇಸಿದುಕೊಂಡ. “ರೇಟಿನ್ಯಾಗ ಸ್ವಲ್ಪ ಇಳಸಾಕ ಹಚ್ಚತೀನಿ. ನಿನ್ನ ಗಂಡಗ ವ್ಯವಹಾರ ಗೊತ್ತಾಗೂದಿಲ್ಲ.” ಆ ಮಾತಿಗೆ ನನಗೆ ಬೇಜಾರಾಗಬೇಕಿತ್ತು. ನಮ್ಮ ಪರವಾಗಿ ಮಾತಾಡಲು ಒಬ್ಬ ಗಂಡಸು ಸಿಕ್ಕನಲ್ಲ ಎಂಬ ಸಂತೋಷವೇ ಆಯಿತು.

ಸಹಿಯ ದಿನ ಗೊತ್ತಾದದ್ದು ಮಹಾನವಮಿಗೆ ಮುಂಚಿನ ವಾರದಲ್ಲಿ. ನಮ್ಮವರಿಗೆ ರಜೆ ಸಿಗಲಿಲ್ಲ. ಬಸ್ ನಿಲ್ದಾಣದ ತನಕ ಬಂದು ಬಿಟ್ಟರು. “ಮೊದಲ ಕೈಯಾಗ ರೊಕ್ಕ, ಆಮ್ಯಾಲ ಸಹಿ. ನೀ ಭಾಳ ಮೆತ್ತಗ ಮಾತಾಡ್ತಿ. ನಂಗ ಅದರದ ಅಂಜಿಕಿ.”

“ಕೇಳ್ತೀನ್ರಿ.”

“ಕೇಳೂದಲ್ಲ. ಇಸಗೋಬೇಕು.”

ಬಸ್ಸು ಹೊರಟ ಮೇಲೂ ಅವರು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದರು.

ಶಿರಹಟ್ಟಿಯ ನೋಂದಣಿ ಕಚೇರಿಯ ಮುಂದೆ ಮರದ ಕೆಳಗೆ ಅವ್ವ, ವೈನಿ, ಅಣ್ಣ ನನಗಿಂತ ಮೊದಲೇ ಬಂದು ನಿಂತಿದ್ದರು. ವೈನಿಯ ಕೈಯಲ್ಲಿ ಹಿತ್ತಾಳೆಯ ತಟ್ಟೆ. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಎಲೆ-ಅಡಿಕೆ, ಅರಿಶಿನದ ಕೊಂಬು. ಮೇಲೊಂದು ಹೊಸ ಸೀರೆ, ತಿಳಿನೀಲಿ, ಅಂಗಡಿಯ ಚೀಟಿ ಕಿತ್ತಲ್ಲಿ ಅಂಟು ಉಳಿದಿತ್ತು.

“ಕೆಲಸಾ ಮುಗಸೂದ್ರಾಗ ಹೊತ್ತಾಗತೈತಿ. ನಿನಗ ಬಸ್ಸಿಗೆ ಓಡಾಕ ಆಗಬಾರದು. ಇಲ್ಲೇ ಉಡಿ ತುಂಬಿಬಿಡ್ತೀವಿ,” ಎಂದಳು ವೈನಿ. “ಅತ್ತಿ, ನೀವ ತುಂಬ್ರಿ. ಹಡದವ್ವನ ಕೈ.”

ಮಗಳನ್ನು ತವರಿನಿಂದ ಕಳಿಸಿಕೊಡುವಾಗ ಕೊನೆಗೆ ತುಂಬುವುದು ಉಡಿ. ಮೊದಲು ತುಂಬಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಆದರೆ ಅವ್ವ ಬೊಗಸೆಯಲ್ಲಿ ಅಕ್ಕಿ ಎತ್ತಿ ಮುಂದೆ ಬಂದಾಗ ನನ್ನ ಕೈ ತಾನಾಗಿಯೇ ಸೆರಗನ್ನು ಹಿಡಿದು ಒಡ್ಡಿತು. ಐದು ಬೊಗಸೆ. ಕೊನೆಯ ಬೊಗಸೆಯ ಕೆಲವು ಕಾಳು ನೆಲಕ್ಕೆ ಬಿದ್ದವು. ಕಾಯಿ, ಖಣ ಇಟ್ಟು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಣ್ಣು ಮಾತ್ರ ಎತ್ತಲಿಲ್ಲ.

ನಮ್ಮ ಮನೆತನದಲ್ಲಿ ಅಜ್ಜಿಯ ಕಾಲದಿಂದ ಬಂದ ಒಂದು ಮಾತಿದೆ: ತುಂಬಿದ ಉಡಿ ಇಟ್ಟುಕೊಂಡು ತವರಿನವರನ್ನು ಏನೂ ಬೇಡಬಾರದು. ಅವರ ಮಾತಿಗೆ ಇಲ್ಲ ಅನ್ನಬಾರದು. ಬೇಡಿದರೆ ತವರಿನ ಕಣಜ ಬರಿದಾಗುತ್ತದೆ, ಮಗಳ ಉಡಿಯೂ ಉಳಿಯುವುದಿಲ್ಲ. ಸಣ್ಣವಳಿದ್ದಾಗ ಅಜ್ಜಿ ನನ್ನನ್ನೂ ಅಣ್ಣನನ್ನೂ ಒಟ್ಟಿಗೆ ಕೂರಿಸಿ ಹೇಳಿದ್ದು ಅದು. ಆತನಿಗೂ ನೆನಪಿತ್ತು.

ಆದರೂ ಕೇಳಿದೆ. ನಮ್ಮವರು ಕಿಟಕಿಯ ಜೊತೆ ನಡೆದು ಬಂದದ್ದು ಕಣ್ಣಿಗೆ ಕಟ್ಟಿತ್ತು. “ಅಣ್ಣಾ, ಅದು... ಅಂದಿದ್ದಿಯಲ್ಲಾ...”

“ಯಾವುದು?”

“ಮನೀದು.”

ಅಣ್ಣ ಸುತ್ತ ನೋಡಿದ. ಸಹಿಗೆ ಬಂದ ಬೇರೆ ಜನ ಕಟ್ಟೆಯ ಮೇಲೆ ಕೂತಿದ್ದರು. ಆತ ದನಿ ತಗ್ಗಿಸಲಿಲ್ಲ. “ಉಡಿಯಾಗ ಅಕ್ಕಿ ಇಟಗೊಂಡು ರೊಕ್ಕಾ ಕೇಳ್ತೀಯಾ?”

“ನೀನ ಹೇಳಿದ್ದಿಯಲ್ಲಾ, ಸಹಿ ದಿನಾ ಕೈಯಾಗ ಇಡ್ತೀನಿ ಅಂತ.”

“ಹೇಳಿದ್ದೆ. ಆಮ್ಯಾಲ ಕುಂತು ವಿಚಾರಾ ಮಾಡಿದೆ. ನಿನ್ನ ಪಾಲು ನಿನಗ ಯಾವತ್ತೋ ಮುಟ್ಟೈತಿ ತಂಗೀ. ಹಾಸ್ಟೆಲ್ಲಿಗೆ ಇಟ್ಟು ಹತ್ತು ವರ್ಷ ಕಾನ್ವೆಂಟ್ ಓದಿಸಿದ್ದು ಯಾವ ರೊಕ್ಕ? ಹಳ್ಳದ ಕಡೀ ಹೊಲಾ ಮಾರಿದ್ದು ಯಾರ ಸಲುವಾಗಿ? ನಾ ಇಲ್ಲೇ ಊರ ಸಾಲ್ಯಾಗ ಕಲತು, ಹತ್ತನೇತ್ತಾ ಬಿಟ್ಟು, ಹೊಲದಾಗ ರಂಟಿ ಹೊಡದೆ. ನೀ ಬಿಳೀ ಸಾಕ್ಸ್ ಹಾಕ್ಕೊಂಡು ಸೂಟಿಗೆ ಬರ್ತಿದ್ದಿ. ನಿನ್ನ ಎಕರೆ ನೀ ಓದಿ ಮುಗಸೀದಿ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಸಾಕ್ಸನ್ನು ಆತ ಒಮ್ಮೆ ಕದ್ದು ಹಾಕಿಕೊಂಡು ಅಪ್ಪನಿಂದ ಹೊಡೆಸಿಕೊಂಡಿದ್ದ. ನಾನು ಬಾಯಿ ತೆರೆಯುವುದರೊಳಗೆ ಅವ್ವ ನನ್ನ ಪಕ್ಕಕ್ಕೆ ಬಂದು, ಸೆರಗು ಸರಿಪಡಿಸುವ ನೆಪದಲ್ಲಿ ಕಿವಿಗೆ ಬಾಗಿದಳು.

“ಹಾಕಿಬಿಡವ್ವಾ. ನಿನ್ನ ಗಂಡ ನಾಕು ದಿನಾ ಸಿಟ್ಟಾಗ್ತಾನ. ನಾ ದಿನಾ ಇವರ ಮನ್ಯಾಗ ಉಣಬೇಕು.”

ಒಳಗೆ ಹೋದೆವು. ಕ್ಯಾಮೆರಾದ ಹುಡುಗ, “ಅಕ್ಕಾರ, ಮಾರಿ ಮ್ಯಾಲ ಮಾಡ್ರಿ,” ಎಂದ. ಮಾಡಿದೆ. ಹೆಬ್ಬೆಟ್ಟನ್ನು ಗಾಜಿನ ಮೇಲೆ ಒತ್ತಲು ಕೈ ಚಾಚಿದಾಗ ಸೊಂಟದ ಸೆರಗು ಸಡಿಲಾಗಿ ಒಂದಿಷ್ಟು ಅಕ್ಕಿ ನೆಲಕ್ಕೆ ಸುರಿಯಿತು. ಬಾಗಿಲಲ್ಲಿದ್ದ ಜವಾನ ಗೊಣಗಿದ: “ಈಗ ಕಸಾ ಹೊಡದೀವ್ರಿ ಯಕ್ಕಾ.” ನಾನು ಕೂತು ಆರಿಸತೊಡಗಿದೆ. ವೈನಿ, “ಬಿಡ್ರಿ, ಎಷ್ಟಂತ ಆರಸ್ತೀರಿ,” ಎಂದಳು. ಆಮೇಲೆ ಸಹಿ ಹಾಕಿದೆ. ನನ್ನ ಕೈಬರಹ ಚೆನ್ನಾಗಿದೆಯೆಂದು ಎಲ್ಲರೂ ಹೇಳುತ್ತಾರೆ. ಆ ಹುಡುಗನೂ ಹೇಳಿದ.

ಸಂಜೆ ನಮ್ಮವರು ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಕಟ್ಟೆಯ ಮೇಲೆ ಸೀರೆ ಇತ್ತು. ಅದನ್ನು ನೋಡಿದರು. ನನ್ನನ್ನು ನೋಡಿದರು. ಕೇಳುವ ಗೋಜಿಗೆ ಹೋಗಲಿಲ್ಲ. ಮಸಿಯ ಬೆರಳಿನಿಂದ ಸೀರೆಯ ಅಂಚು ಎತ್ತಿ, ಬಟ್ಟೆಯಂಗಡಿಯವನ ಹಾಗೆ ತಿರುವಿ, “ಚಲೋ ಐತಿ. ಎಷ್ಟು ಎಕರೆ ಬಿತ್ತು?” ಎಂದರು.

ಅಷ್ಟೇ. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮುಂದಿನ ದಿನಗಳಲ್ಲಿ ಕಾವ್ಯಾಳ ಮೂಲಕವೇ ಮಾತಾಡಿದರು. “ನಿಮ್ಮವ್ವಗ ಕೇಳು, ಚಾ ಐತೇನಂತ.” “ನಿಮ್ಮವ್ವಗ ಹೇಳು, ಸೀರಿ ಉಟ್ಟು ತೋರಸಂತ.” ಮಗಳು ನಡುವೆ ನಿಂತು ನನ್ನ ಮುಖ, ಅವರ ಮುಖ ನೋಡುತ್ತಿದ್ದಳು.

ನಾನು ಸುಮ್ಮನೆ ಕೂರಲಿಲ್ಲ. ಕಿವಿಯ ಬೆಂಡೋಲೆ ಮಾರಲು ಕೊಟ್ಟೆ. ಹೊಲಿಗೆಯ ಗಂಟು ದೊಡ್ಡದು ಮಾಡಿದೆ. ನಮ್ಮವರು ಮುದ್ರಣಾಲಯದ ಮಾಲೀಕರ ಹತ್ತಿರ ಮುಂಗಡ ಸಂಬಳ ಕೇಳಿದರು. ಆದರೂ ಹಣ ಕೂಡಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ, ಇನ್ನೆರಡು ತಿಂಗಳು ಕಾಯಿರೆಂದು ಪಾಟೀಲರ ಕಾಲು ಹಿಡಿಯಲಾದರೂ ಸೈ ಎಂದು ನಮ್ಮವರು ಹೊರಟರು. ಬೇಗನೆ ವಾಪಸು ಬಂದರು. ಚಪ್ಪಲಿ ಬಿಡದೆ ಒಳಗೆ ಬಂದು ಹಲಗೆಯ ಮೇಲೆ ಕೂತರು.

“ಮನಿ ಹೋತು,” ಎಂದರು. ಬಹಳ ದಿನಗಳ ಮೇಲೆ ನನಗೇ ನೇರವಾಗಿ ಹೇಳಿದ ಮಾತು.

“ಯಾರಿಗೆ?”

“ಅಂಜಬ್ಯಾಡ. ನಿಮ್ಮ ಮನ್ಯಾಗ ಉಳೀತು.”

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಣ್ಣ ಆ ಮನೆಗೆ ಮುಂಗಡ ಸಂಚಕಾರ ಕೊಟ್ಟು ತಿಂಗಳ ಮೇಲಾಗಿತ್ತು. ಪಾಟೀಲರು ನಮ್ಮವರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, “ತಂಗೀ ಸಲುವಾಗಿ ತಗೋಳಾಕತ್ತೀನಿ ಅಂದ್ರಲ್ರೀ ಅವ್ರು. ನಿಮಗ ಹೇಳಿಲ್ಲೇನ್ರಿ?” ಎಂದರಂತೆ. ಚಹಾ ಕುಡಿದೇ ಬಂದಿದ್ದರು. ಹೇಗೆ ಕುಡಿದರೋ.

ನಾನು ಫೋನು ಮಾಡಿದೆ. ಎರಡು ಸಲ ಬೇರೆ ಯಾರಿಗೋ ಹೋಯಿತು. ಅಣ್ಣನ ದನಿ ಎಂದಿನಂತೆ ಹಗುರವಾಗಿತ್ತು.

“ಸಿಟ್ಟಾಗಬ್ಯಾಡ ಸುಧಾ. ಸೋಲಾರ್ ರೊಕ್ಕಾ ಬ್ಯಾಂಕಿನ್ಯಾಗ ಇಟ್ರ ಕರಗಿ ಹೋಗತೈತಿ. ನಿಮಗಂತೂ ಆಗತಿದ್ದಿಲ್ಲ, ಹೌದಿಲ್ಲೋ? ಹೊರಗಿನವ್ರ ಪಾಲಾಗೂ ಬದ್ಲಿ ನಮ್ಮಲ್ಲೇ ಉಳೀತು. ನೀ ಬಾ, ಅದರಾಗ ಇರು. ಆ ಮಗ್ಗದ ಕುಣೀ ಮ್ಯಾಲ ಎಷ್ಟ ದಿನಾ ಇರ್ತಿ? ಬಾಡಗಿ ಹೊರಗಿನಷ್ಟ ತಗೊಳ್ಳೂದಿಲ್ಲ, ಸ್ವಲ್ಪ ಕಡಿಮಿ ಕೊಡು. ತಂಗಿ ಅದಿ.”

ಕಾರ್ತಿಕದಲ್ಲಿ ಗೃಹಪ್ರವೇಶವಾಯಿತು. ನಮ್ಮ ಕಡೆ ಹೊಸ ಮನೆಯೊಳಗೆ ಮೊದಲು ಕಾಲಿಡುವವಳು ಮನೆಮಗಳು, ತಲೆಯ ಮೇಲೆ ತುಂಬಿದ ಕೊಡ ಹೊತ್ತು. ಹೋಗುವುದಿಲ್ಲ ಎಂದೆ ನಾನು. “ಹೋಗು,” ಎಂದರು ನಮ್ಮವರು. “ಕೊಡಾ ಹೊರಾಕ ನಿನ್ನ ಬಿಟ್ರ ಯಾರದಾರ ಅವರಿಗೆ?” ನೀಲಿ ಸೀರೆಯನ್ನು ಅವರೇ ತೆಗೆದುಕೊಟ್ಟರು.

ಬೆಳ್ಳಟ್ಟಿಯ ಬಂಧುಗಳೆಲ್ಲ ಬಂದಿದ್ದರು. ನಾನು ಕರೆಯದಿದ್ದರೂ ಕಮಲವ್ವನೂ ಬಂದಿದ್ದಳು. ಅಂಗಳದ ನಳದಿಂದ ಕೊಡ ತುಂಬಿದೆ. ಕೊಡ ತುಂಬಲು ಒಂದು ನಿಮಿಷವೂ ಬೇಕಾಗಲಿಲ್ಲ. ಪೂಜೆಗೆ ಬಂದ ಅಯ್ಯನವರು, “ಮನಿಮಗಳು ಮುಂದ ಬರ್ರಿ, ಬಲಗಾಲ ಮೊದಲ,” ಎಂದು ಕರೆದರು. ಕೊಡದ ನೀರು ತುಳುಕಿ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಹೊಸ್ತಿಲು ದಾಟಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಫೋನಿನಲ್ಲಿ ಹಿಡಿದರು. ಅದರಲ್ಲಿ ನಾನು ನಗುತ್ತಿದ್ದೇನೆ.

ಕೊಡ ಇಳಿಸಲು ಅಡುಗೆಮನೆಗೆ ಹೋದಾಗ ನೋಡಿದೆ. ಸಿಂಕನ್ನು ಒಂದು ಗೇಣು ಮೇಲೆ ಎತ್ತಿ ಕೂರಿಸಿದ್ದರು.

ಊಟದ ಪಂಕ್ತಿಯಲ್ಲಿ ನಮ್ಮ ಸೋದರತ್ತೆಯೊಬ್ಬಳು ಹೋಳಿಗೆ ಮುರಿಯುತ್ತ, “ತಂಗೀಗೆ ಮನಿ ಬಿಟ್ಟುಕೊಡೂವಂಥ ಅಣ್ಣ ಈ ಕಾಲದಾಗ ಎಲ್ಲಿ ಸಿಗ್ತಾನವ್ವಾ. ಪುಣ್ಯಾ ಮಾಡೀದಿ,” ಎಂದಳು. “ಹೌದ್ರಿ,” ಎಂದೆ. ಕಮಲವ್ವ ಮಾತ್ರ ನನ್ನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ, ತನ್ನ ಎಲೆಯತ್ತ ಬಾಗಿದಳು. ಆಕೆ ಏನೂ ಅನ್ನದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಜನ ಕರಗಿದ ಮೇಲೆ ಅಣ್ಣ ನಮ್ಮವರ ಭುಜದ ಮೇಲೆ ಕೈಯಿಟ್ಟು ಕೂರಿಸಿದ. “ಮಾವಾರ, ಡಿಪಾಜಿಟ್ ಒಂದು ಇರಲಿ. ವ್ಯವಹಾರ ವ್ಯವಹಾರ. ಹೊರಗಿನವ್ರಿಗೆ ಇಷ್ಟ ಅಂತ ಹೇಳ್ತಿದ್ದೆ. ನಿಮಗ ಹೆಂಗ ಹೇಳ್ಲಿ? ನೀವು ಈ ಮನೀ ಸಲುವಾಗಿ ಎಷ್ಟು ಕೂಡಿಸೀರಿ, ಅಷ್ಟ ಕೊಡ್ರಿ. ಸಾಕು.”

ಇಲ್ಲ ಎನ್ನುತ್ತಾರೆ, ಎದ್ದು ನಿಲ್ಲುತ್ತಾರೆ ಎಂದು ನಾನು ಬಾಗಿಲಲ್ಲಿ ಕಾಯ್ದೆ. ಅವರು ಮಡಚಿದ ಬೆರಳುಗಳನ್ನು ತೊಡೆಯ ಮೇಲೆ ಬಿಚ್ಚಿ, ಮತ್ತೆ ಮಡಚಿ, “ಆತ್ರಿ,” ಎಂದರು. ಏಳು ವರ್ಷದ ರೊಕ್ಕ, ನನ್ನ ಪಾಟಲಿ, ಬೆಂಡೋಲೆ, ಕಾವ್ಯಾಳ ಶಾಲೆ, ಎಲ್ಲ ಅಣ್ಣನ ಖಾತೆಗೆ ಹೋಯಿತು. ರಾತ್ರಿ ಅವರನ್ನು ಕೇಳಿದೆ, ಯಾಕೆ ಒಪ್ಪಿದಿರಿ ಎಂದು.

“ನಿನಗ ನಳಾ ಬೇಕಾಗಿತ್ತಲ್ಲ,” ಎಂದರು. ವ್ಯಂಗ್ಯವೋ ಮಮತೆಯೋ ಇವತ್ತಿಗೂ ತಿಳಿದಿಲ್ಲ. ಕೇಳಿಲ್ಲ.

ಹೀಗೆ ಈ ಮನೆಗೆ ಬಂದೆವು. ನಾನು ಪಾತ್ರೆ ತೊಳೆಯುವಾಗ ಒಂದು ಹಲಗೆಯ ತುಂಡಿನ ಮೇಲೆ ನಿಲ್ಲುತ್ತೇನೆ. ಗೋಡೆಗೆ ಮೊಳೆ ಹೊಡೆಯಬಾರದೆಂದು ವೈನಿ ಹೇಳಿ ಹೋಗಿದ್ದಾಳೆ. ಹಾಗಾಗಿ ಅಪ್ಪನ ಫೋಟೋ ಕಪಾಟಿನ ಮೇಲೆ ಒರಗಿ ನಿಂತಿದೆ.

ಆ ವರ್ಷದಲ್ಲಿ ಇನ್ನೊಂದೇ ಸಂಗತಿ ಹೇಳುವುದಿದೆ. ಸಂಕ್ರಾಂತಿಯ ಮುಂದೆ ಅವ್ವ ಕಣ್ಣು ತೋರಿಸಲು ಬೆಳ್ಳಟ್ಟಿಯಿಂದ ಬಸ್ಸಿನಲ್ಲಿ ಒಬ್ಬಳೇ ಬಂದಳು. ದವಾಖಾನೆಗೆ ಕರೆದುಕೊಂಡು ಹೋಗಿ ಬಂದೆ. ಹಸಿ ಕಡಲೆ ಸುಲಿಯುತ್ತ ಇಬ್ಬರೂ ಅಂಗಳದ ಬಿಸಿಲಿನಲ್ಲಿ ಕೂತೆವು. ನಳ ತಿರುವಿ ಕೈ ತೊಳೆದು ಅವ್ವ, “ನೀರು ಸಿಹಿ ಅದಾವು,” ಎಂದಳು. ಮರುದಿನ ಹೊರಡುವಾಗ ಬಾಗಿಲಲ್ಲಿ ನಿಂತು ಚೀಲದ ಹಿಡಿಕೆ ತಿರುವುತ್ತ ಉಳಿದಳು.

“ಏನವ್ವಾ?”

“ಹೆಂಗೂ ಹೊಂಟೀದಿ, ಬಾಡಗಿ ಇಸಗೊಂಡು ಬಾ ಅಂದಾನ ನಿಮ್ಮಣ್ಣ. ಫೋನಿನ್ಯಾಗ ಹಾಕಿದ್ರ ಲೆಕ್ಕಕ್ಕ ಬರತೈತಂತ.”

ನಾನು ಒಳಗೆ ಹೋಗಿ ತಂದು ಅವಳ ಕೈಗಿಟ್ಟೆ. ಎಣಿಸಲಿಲ್ಲ ಅವಳು. ಸೆರಗಿನ ತುದಿಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ ನಿಲ್ದಾಣಕ್ಕೆ ಇಬ್ಬರೂ ಆಟೋದಲ್ಲಿ ಹೋದೆವು. ಬಸ್ಸು ಬಂದು ನಿಂತ ಮೇಲೆ, ಹತ್ತುವುದನ್ನು ಬಿಟ್ಟು, ಗಂಟು ಬಿಚ್ಚಿ ಐದು ನೂರರ ಒಂದು ನೋಟು ತೆಗೆದು ನನ್ನ ಮುಷ್ಟಿಯೊಳಗೆ ತುರುಕಿದಳು.

“ಕುಬಸಕ್ಕ ಇಟಗೋ. ಬರಿಗೈಲೆ ಬಂದಿದ್ದೆ ನಾ.”

“ಬ್ಯಾಡವ್ವಾ. ಅಣ್ಣ ಎಣಸಿದ್ರ?”

“ಎಣಸ್ತಾನ.” ಹಲ್ಲಿನಿಂದ ಗಂಟು ಬಿಗಿದಳು. “ಸುಧಾನ ಕಡಿಮಿ ಕೊಟ್ಲು ಅಂತೀನಿ. ನಿನಗೇನ್ ಮಾಡ್ತಾನ, ನೀ ದೂರ ಅದಿ.”

ಕಂಡಕ್ಟರು ಸೀಟಿ ಊದಿದ. ಅವಳು ಕಂಬಿ ಹಿಡಿದು ಹತ್ತಿದಳು. ಕಿಟಕಿಯಿಂದ ನೋಡುತ್ತಾಳೆಂದು ನಿಂತೆ. ಆಚೆ ಬದಿಯ ಸೀಟು ಸಿಕ್ಕಿತ್ತೇನೋ, ಕಾಣಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಣ್ಣನ ಫೋನು ಬಂತು. ವಯಸ್ಸಾದವರ ಕೈಯಲ್ಲಿ ಕಡಿಮೆ ಕೊಟ್ಟು ಕಳಿಸಲು ನಿನಗೆ ನಾಚಿಕೆ ಬರಲಿಲ್ಲವೇ, ಕಾನ್ವೆಂಟಿನಲ್ಲಿ ಇದನ್ನೇ ಕಲಿಸಿದರೇ ಎಂದು ಕೇಳಿದ. ಸ್ಪೀಕರ್ ಹಾಕಿದ್ದನೇನೋ, ಹಿಂದುಗಡೆ ವೈನಿಯ ದನಿ, ಪಾತ್ರೆಯ ಸದ್ದು, ಅವ್ವನ ಕೆಮ್ಮು ಕೇಳಿಸುತ್ತಿದ್ದವು. ಆತ ಹೇಳಿ ಮುಗಿಸುವ ತನಕ ಕೇಳಿಸಿಕೊಂಡೆ.

“ತಪ್ಪಾತಣ್ಣಾ,” ಎಂದೆ. “ಮುಂದಿನ ತಿಂಗಳಿಗೆ ಕೂಡಿಸಿ ಕೊಡ್ತೀನಿ.”

ಅವ್ವನ ಕೆಮ್ಮು ನಿಂತಿತು.